ಐದು ಸೆಂಟಿಮೀಟರಿನ ಈ ಸವಾರ ಯಾರು?

ನಮ್ಮ ದೆಹಲಿ ಕನ್ನಡಿಗರ ಮಕ್ಕಳ ಕರಕುಶಲ ಪ್ರದರ್ಶನದಲ್ಲಿ ಈ ಸಲ ನಡೆದ ಸಣ್ಣ ರಾದ್ಧಾಂತವನ್ನು ಕೆಲವರು ಕಂಡಿದ್ದೀರಿ, ಉಳಿದವರು ಕೇಳಿದ್ದೀರಿ. ಏಳನೆಯ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು ಮಾಡಿದ್ದ ಮೋಟಾರ್ ಸೈಕಲ್ಲನ್ನು ತಂದಿಟ್ಟಿದ್ದ. ಪಕ್ಕದಲ್ಲಿ ಸೈಡ್‌ಕಾರು, ಅದರ ಮೇಲೆ ಮೆಷಿನ್‌ಗನ್ನು, ಉಕ್ಕಿನ ಟೋಪಿಯ ಇಬ್ಬರು ಜರ್ಮನ್ ಸಿಪಾಯಿಗಳು. ಹಿರಿಯರೊಬ್ಬರು "ಹಿಟ್ಲರನ ಪಡೆಗೆ ನಮ್ಮ ಮೇಜಿನ ಮೇಲೆ ಜಾಗವೇ?" ಎಂದು ಅದನ್ನು ತೆಗೆಸಿದರು. ಇನ್ನೊಬ್ಬರು "ಬಿಡಿ ರಾಯರೇ, ಮಕ್ಕಳ ಆಟಿಕೆ" ಎಂದರು. ಮಾದರಿ ಪೆಟ್ಟಿಗೆ ಸೇರಿತು. ಹುಡುಗ ಕೋಸಂಬರಿಯನ್ನೂ ತಿನ್ನದೆ ಮನೆಗೆ ಹೋದ.

ನಮ್ಮ ತಕರಾರು ಈ ಇಬ್ಬರ ಮೇಲೂ ಇದೆ.

ಆಟಿಕೆಯೆಂದು ತಳ್ಳಿಹಾಕುವವರು ಒಮ್ಮೆ ಅದನ್ನು ಮಾಡಲು ಕೂತು ನೋಡಲಿ. ಜಪಾನಿನ ತಾಮಿಯಾ ಕಂಪೆನಿ 1968ರಲ್ಲಿ ಸೈನಿಕ ಮಾದರಿಗಳ ಸರಣಿಯನ್ನು ಆರಂಭಿಸಿ, 1/35ರ ಅಳತೆಯನ್ನು ಲೋಕಕ್ಕೆಲ್ಲ ರೂಢಿ ಮಾಡಿತು. ಈ ಅಳತೆಯಲ್ಲಿ ಐದೂಮುಕ್ಕಾಲು ಅಡಿ ಆಳು ಐದು ಸೆಂಟಿಮೀಟರು; ಎಂಟಡಿ ಗಾಡಿ ಏಳು ಸೆಂಟಿಮೀಟರು. ಎಲ್ಲಕ್ಕಿಂತ ಫಜೀತಿ ಚಕ್ರದ ಸ್ಪೋಕುಗಳದು. ನಿಜವಾದ ಸ್ಪೋಕು ಮೂರೂವರೆ ಮಿಲಿಮೀಟರು ದಪ್ಪವಿದ್ದರೆ, ಇಲ್ಲಿ ಅದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಇರಬೇಕು. ಅಚ್ಚಿನೊಳಗೆ ಪ್ಲಾಸ್ಟಿಕ್ಕು ಅಷ್ಟು ತೆಳುವಾಗಿ ಹರಿಯದು; ಸ್ಪೋಕು ದಪ್ಪವಾಗಿಯೇ ಬರುತ್ತದೆ. ಕೈ ಪಳಗಿದವರು ಅದನ್ನು ಕಿತ್ತು, ರಾಸಾಯನಿಕದಿಂದ ಕೊರೆದ ತೆಳು ಹಿತ್ತಾಳೆಯ ಸ್ಪೋಕುಗಳನ್ನು ಕೂರಿಸುತ್ತಾರೆ. ಇನ್ನು ಅಂಟು ಎಂಬುದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಣ. ಒಂದು ಹನಿ ಹೆಚ್ಚಾದರೆ ಸವಾರನ ಮೂಗು ಹೋಯಿತು! ಈ ತಾಳ್ಮೆ ಆ ಹುಡುಗನಿಗೆ ಟ್ಯೂಷನ್ನಿನಲ್ಲಿ ಸಿಕ್ಕಿದ್ದಲ್ಲ.

ಇಷ್ಟು ಶ್ರಮ ಬೇಡುವ ಕೆಲಸವಾದ್ದರಿಂದಲೇ ಅದನ್ನು ಬರೀ ಆಟವೆಂದು ಬಿಡಲಾಗದು. ನಾವು ಹುಡುಗನನ್ನು ವಿಚಾರಿಸಿದೆವು. ಬಿ.ಎಂ.ಡಬ್ಲ್ಯೂ. ಆರ್-75, 750 ಸಿ.ಸಿ., ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ನಿನ ಬಲ, ಹಿಂದಕ್ಕೆ ಓಡಿಸುವ ಗೇರು – ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಗಡಗಡನೆ ಒಪ್ಪಿಸಿದ. ಒಂದೂ ತಪ್ಪಿಲ್ಲ. ಸರಿಯಪ್ಪಾ, ಇದನ್ನೇರಿದವರು ಎಲ್ಲಿಗೆ ಹೋದರು, ಯಾಕೆ ಹೋದರು? ಸುಮ್ಮನಾದ. ಪೆಟ್ಟಿಗೆಯ ಮೇಲೆ ಅದು ಇರಲಿಲ್ಲ. ಇದ್ದದ್ದು ಧೂಳು, ವೇಗ, ಒಂದು ಚೆಂದದ ಚಿತ್ರ.

1941ರಲ್ಲಿ ತಯಾರಾಗತೊಡಗಿದ ಈ ಗಾಡಿ ಸೋವಿಯತ್ ನೆಲಕ್ಕೂ ಉತ್ತರ ಆಫ್ರಿಕಕ್ಕೂ ಹೋಯಿತು. ಸೋವಿಯತ್ ನೆಲದಲ್ಲಿ ಆ ಸೇನೆಯ ಬೆನ್ನಿಗೇ, ಯಹೂದಿಗಳನ್ನು ಊರೂರಿನಲ್ಲಿ ಹಳ್ಳದ ಅಂಚಿಗೆ ನಿಲ್ಲಿಸಿ ಕೊಲ್ಲುವ ತಂಡಗಳು ನಡೆದವು. ಅದೇ ಕಂಪೆನಿಯ ಆಲಾಖ್ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ದಾಖಾವ್ ಶಿಬಿರದ ಕೈದಿಗಳನ್ನು ದುಡಿಸಿಕೊಂಡರು. ಹಿಂದಕ್ಕೋಡುವ ಗೇರನ್ನು ಬಲ್ಲ ಹುಡುಗ ಇದನ್ನು ತಿಳಿಯಲಾರನೆ? ಸ್ಪೋಕಿನ ದಪ್ಪಕ್ಕೆ ಜಗಳವಾಡುವ ಈ ಹವ್ಯಾಸದವರು ಇದನ್ನು ಮಾತ್ರ "ರಾಜಕೀಯ" ಎಂದು ಬದಿಗಿಡುವುದನ್ನು ನಾವು ಒಪ್ಪಲಾರೆವು.

ಹಾಗೆಂದು ತೆಗೆಸಿದ ಹಿರಿಯರು ಸಾಧಿಸಿದ್ದೇನು? ಹುಡುಗನಿಗೆ ಗಾಡಿಯೂ ಉಳಿಯಿತು, ಅವಮಾನವೂ ಉಳಿಯಿತು. ಇತಿಹಾಸವನ್ನು ಯಾರೂ ಹೇಳಲಿಲ್ಲ. ಇದೇ ಊರಿನ ತೀನ್ ಮೂರ್ತಿಯ ಮುಂದೆ ಬಸ್ಸು ಹಾದಾಗ ನಾವೆಲ್ಲ ಮಕ್ಕಳಿಗೆ ತೋರಿಸುವುದಿಲ್ಲವೆ – ಅಗೋ, ಆ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು, 1918ರಲ್ಲಿ ಹೈಫಾದಲ್ಲಿ ಕಾದಿದ ದಳದವನು ಎಂದು? ಅವನೂ ಪರರ ಸಾಮ್ರಾಜ್ಯಕ್ಕೆ ಹೋರಾಡಿದವನೇ. ಅವನ ಕೈಯಲ್ಲೂ ಆಯುಧವಿದೆ. ಪ್ರತಿಮೆಯನ್ನು ಮುಚ್ಚಿಡಿ ಎಂದು ಯಾರೂ ಹೇಳಲಿಲ್ಲ. ಅವನು ಯಾರೆಂದು ಹೇಳಿದೆವು. ಕಂಚಿನ ಆಳಿಗೆ ಸಲ್ಲುವ ಮಾತು ಪ್ಲಾಸ್ಟಿಕ್ ಆಳಿಗೆ ಯಾಕೆ ಸಲ್ಲಬಾರದು?

ಇನ್ನೂ ಒಂದು ಮಾತು ನಮ್ಮ ಮನಸ್ಸಿನಲ್ಲಿ ಕುಟುಕುತ್ತಿದೆ. ಎರಡನೆಯ ಮಹಾಯುದ್ಧಕ್ಕೆ ಭಾರತದಿಂದ 25 ಲಕ್ಷ ಜನ ಸೇನೆ ಸೇರಿದರು. ಉತ್ತರ ಆಫ್ರಿಕದಲ್ಲಿ ಈ ಜರ್ಮನ್ ಸವಾರರ ಸೇನೆಯ ಎದುರಿಗೆ ನಿಂತವರಲ್ಲಿ 4ನೆಯ ಭಾರತೀಯ ಡಿವಿಜನ್ನೂ ಒಂದು. ತಂತಿ ಕಡಿದುಹೋದಲ್ಲಿ ನಮ್ಮವರೂ ಮೋಟಾರ್ ಸೈಕಲ್ಲಿನ ಮೇಲೆ ಓಲೆ ಹೊತ್ತರು. ನಾವು ಅಂಗಡಿಯ ಕಪಾಟಿನಲ್ಲಿ ಕಂಡ ಪೆಟ್ಟಿಗೆಗಳಲ್ಲಿ ಜರ್ಮನರಿದ್ದರು, ಅಮೆರಿಕದವರಿದ್ದರು, ಬ್ರಿಟಿಷರಿದ್ದರು. ನಮ್ಮವನು ಎಲ್ಲಿ? ಕಂಪೆನಿಗಳ ಮೇಲೆ ಮುನಿಸಿಕೊಂಡು ಕೂರಬೇಕಾಗಿಲ್ಲ. ಬ್ರಿಟನ್ನಿನ ಬಿ.ಎಸ್.ಎ. ಎಂ-20, 1,26,000ದಷ್ಟು ತಯಾರಾದ ಗಾಡಿ, ಮಿಲಿಟರಿ ಪೊಲೀಸರ ಜೊತೆ ತಾಮಿಯಾ ಪೆಟ್ಟಿಗೆಯಲ್ಲೇ ಬರುತ್ತದೆ. ಒಬ್ಬನ ಟೋಪಿಯನ್ನು ಕೊರೆದು ತೆಗೆದು, ಪುಟ್ಟಿಯಲ್ಲಿ ಪೇಟ ಸುತ್ತುವುದು ಸ್ಪೋಕು ಬದಲಿಸುವ ಕೈಗೆ ದೊಡ್ಡ ಮಾತಲ್ಲ.

ಕಾರ್ಯಕಾರಿ ಸಮಿತಿಗೆ ನಾವು ಬರೆದು ಕೊಟ್ಟಿದ್ದೇವೆ: ಮುಂದಿನ ವರ್ಷ ಆ ಸೈಡ್‌ಕಾರು ಮೇಜಿಗೆ ಮರಳಿ ಬರಬೇಕು, ಮುಂದೆ ಒಂದು ಚೀಟಿಯೊಡನೆ – ಏರಿದವರು ಯಾರು, ಹೋದದ್ದೆಲ್ಲಿಗೆ, ಮಾಡಿದ್ದೇನು. ಚೀಟಿ ಕನ್ನಡದಲ್ಲಿರಲಿ, ಹುಡುಗನ ಕೈಬರಹದಲ್ಲೇ ಇರಲಿ. ಕಾಗುಣಿತ ತಪ್ಪಿದರೆ ತಿದ್ದಿಕೊಡಲು ರಾಯರಿದ್ದಾರೆ.