ಮರುಕಳಿಸುವ ಗರ್ಭಪಾತ: ತಪಾಸಣೆ ದಂಪತಿಗಳಿಬ್ಬರಿಗೂ ಬೇಕು

ಮದುವೆಯಾಗಿ ಎರಡು ವರ್ಷ ಕಳೆಯುವುದರೊಳಗೆ ‘ವಿಶೇಷವೇನಾದರೂ ಉಂಟೇ?’ ಎಂದು ವಿಚಾರಿಸುವುದು ನಮ್ಮಲ್ಲಿ ರೂಢಿ. ಮಲಾಡ್ ಪರಿಸರದ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಗರ್ಭ ನಿಲ್ಲದಿದ್ದರೆ, ನಿಂತದ್ದು ಮತ್ತೆ ಮತ್ತೆ ಇಳಿದುಹೋದರೆ, ಹರಕೆ, ಪಥ್ಯ, ತಪಾಸಣೆ ಎಲ್ಲವೂ ಸೊಸೆಯ ಪಾಲಿಗೆ. ಮಗನನ್ನು ವೈದ್ಯರ ಬಳಿಗೆ ಕಳುಹಿಸಲು ಮಾತ್ರ ಹಿರಿಯರು ಹಿಂಜರಿಯುತ್ತಾರೆ. ಈ ರೂಢಿಗೆ ವಿಜ್ಞಾನದ ಆಧಾರವಿಲ್ಲವೆಂಬುದನ್ನು ನಮ್ಮ ಮುಂಬಯಿಯ ಸಂಶೋಧನೆಯೇ ತೋರಿಸಿಕೊಟ್ಟಿದೆ.

ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಪ್ರನಾಳ ಶಿಶುವೊಂದು ಜನಿಸಿತು. ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಈ ಸಾಧನೆಯಲ್ಲಿ ದುಡಿದವರು ಅಲ್ಲಿಯೇ ಇರುವ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದಕುಮಾರ್. ದೇಶದ ಪ್ರಥಮ ಪ್ರನಾಳ ಶಿಶುವೆಂಬ ಕೀರ್ತಿ ಆ ಮಗುವಿಗೆ ದೊರೆಯಿತು. ಆದರೆ 1978ರಲ್ಲೇ ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರು ಇದನ್ನು ಸಾಧಿಸಿದ್ದರೆಂದು ಅವರ ಟಿಪ್ಪಣಿಗಳಿಂದ ಮನಗಂಡ ಆನಂದಕುಮಾರ್, 1997ರಲ್ಲಿ ಆ ಶ್ರೇಯವನ್ನು ಬಹಿರಂಗವಾಗಿ ಅವರಿಗೇ ಸಲ್ಲಿಸಿದರು. ಸ್ವಂತ ಪ್ರತಿಷ್ಠೆಗಿಂತ ಸತ್ಯ ದೊಡ್ಡದೆಂಬ ಈ ನಡೆ ನಮ್ಮ ಮನೆಗಳಿಗೂ ಪಾಠವಾಗಬೇಕು.

ಅದೇ ಸಂಸ್ಥೆಯ ವಿಜ್ಞಾನಿಗಳು ಪದೇ ಪದೇ ಗರ್ಭಪಾತಕ್ಕೊಳಗಾಗಿ ಕಾರಣ ಪತ್ತೆಯಾಗದ ದಂಪತಿಗಳಲ್ಲಿ ಗಂಡಂದಿರ ವೀರ್ಯಾಣುಗಳನ್ನು ಪರೀಕ್ಷಿಸಿದರು. ಭ್ರೂಣ ಮತ್ತು ಮಾಸುವಿನ ಬೆಳವಣಿಗೆಗೆ ಬೇಕಾದ ಕೆಲವು ವಂಶವಾಹಿಗಳ ಮೇಲಿನ ರಾಸಾಯನಿಕ ಗುರುತುಗಳಲ್ಲಿ ವ್ಯತ್ಯಾಸವಿರುವುದು 2012 ಮತ್ತು 2021ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಕಂಡುಬಂತು. ಇದು ಇನ್ನೂ ಚಿಕಿತ್ಸೆಯ ಹಂತಕ್ಕೆ ಬಂದಿಲ್ಲ. ಆದರೂ ಗರ್ಭ ಉಳಿಯದಿರುವುದಕ್ಕೆ ಹೆಣ್ಣೊಬ್ಬಳೇ ಹೊಣೆಯೆಂಬ ಮಾತು ಇನ್ನು ನಿಲ್ಲದು. ಬಂಜೆತನದಲ್ಲಿಯೂ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ.

ಹೆಣ್ಣಿನಲ್ಲಿ ಥೈರಾಯ್ಡ್ ದೋಷ, ಗರ್ಭಕೋಶದ ರಚನೆ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳು ಮುಂತಾದವನ್ನು ವೈದ್ಯರು ಪರಿಶೀಲಿಸುತ್ತಾರೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಯಾವ ಕಾರಣವೂ ದೊರೆಯುವುದಿಲ್ಲ. ಇಂಥವರ ಅಸಹಾಯಕತೆಯೇ ದುಬಾರಿ ಔಷಧಗಳಿಗೆ ಮಾರುಕಟ್ಟೆಯಾಗುವುದುಂಟು. ಕಾರಣ ತಿಳಿಯದೆ ಗರ್ಭ ಕಳೆದುಕೊಂಡಿದ್ದ 836 ಮಹಿಳೆಯರ ಮೇಲೆ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರೊಜೆಸ್ಟರಾನ್ ಔಷಧವನ್ನು ಪರೀಕ್ಷಿಸಲಾಗಿತ್ತು. 2015ರಲ್ಲಿ ಹೊರಬಂದ ಫಲಿತಾಂಶದಂತೆ ಔಷಧ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹಿಂದೆ ಗರ್ಭಪಾತವಾಗಿದ್ದು, ಈ ಬಾರಿ ಆರಂಭದಲ್ಲೇ ರಕ್ತಸ್ರಾವ ಕಂಡವರಿಗೆ ಅದರಿಂದ ಪ್ರಯೋಜನವಾಗಬಹುದೆಂದು 2019ರ ಪರೀಕ್ಷೆ ಸೂಚಿಸಿತು. 2015ರ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ಸುಮಾರು ಮೂರರಲ್ಲಿ ಎರಡು ಪಾಲು ತಾಯಂದಿರು ಜೀವಂತ ಮಗುವನ್ನು ಪಡೆದರೆಂಬುದು ನೊಂದ ದಂಪತಿಗಳಿಗೆ ದೊಡ್ಡ ಭರವಸೆ.

2021ರ ಕಾಯಿದೆಯಂತೆ ಪ್ರನಾಳ ಶಿಶು ಚಿಕಿತ್ಸೆ ನೀಡುವ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ಅದನ್ನು ವಿಚಾರಿಸದೆ ಹಣ ಕಟ್ಟಬಾರದು.

ನಮ್ಮ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂತೆ ಈ ವಿಷಯಕ್ಕೂ ಸ್ಥಾನ ದೊರೆಯಲಿ. ಹಿರಿಯರು ಮಗ-ಸೊಸೆಯನ್ನು ಜೊತೆಯಾಗಿ ವೈದ್ಯರಲ್ಲಿಗೆ ಕಳುಹಿಸಲಿ. ಗರ್ಭ ಕಳೆದುಕೊಂಡವಳಿಗೆ ಬೇಕಾದುದು ವಿಚಾರಣೆಯಲ್ಲ, ಸಾಂತ್ವನ ಎಂದು ನಾವು ಭಾವಿಸುತ್ತೇವೆ.