ಮಳೆಯ ಲೆಕ್ಕವನ್ನು ಮಕ್ಕಳ ಕೈಗೆ ಕೊಡಿ: ಕೇರಳದ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕೇರಳ ರಾಜ್ಯದ ಮಾನ್ಯ ಸಾರ್ವಜನಿಕ ಶಿಕ್ಷಣ ಸಚಿವರಿಗೆ,
ಸೆಕ್ರೆಟರಿಯೇಟ್, ತಿರುವನಂತಪುರಂ

ಮಾನ್ಯರೆ,

1969ರ ಅಧಿಕೃತ ಭಾಷಾ ಕಾಯಿದೆಯು ಈ ರಾಜ್ಯದ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ನುಡಿಯಲ್ಲಿಯೇ ಸರ್ಕಾರದೊಡನೆ ಪತ್ರವ್ಯವಹಾರ ನಡೆಸುವ ಅಧಿಕಾರವನ್ನು ಇತ್ತಿರುವುದರಿಂದ, ಕಾಸರಗೋಡಿನಲ್ಲಿ ಹುಟ್ಟಿ, ಉದ್ಯೋಗನಿಮಿತ್ತವಾಗಿ ಎರ್ನಾಕುಲಂನಲ್ಲಿ ನೆಲಸಿರುವ ನಾನು ಈ ಅರಿಕೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹವಾಮಾನದ ವೈಪರೀತ್ಯವನ್ನು ಎದುರಿಸುವ ಕಾರ್ಯದಲ್ಲಿ ಹದಿಹರೆಯದ ಮಕ್ಕಳು ತಮ್ಮ ನಿತ್ಯಜೀವನದಲ್ಲಿ ಏನು ಮಾಡಬಲ್ಲರು, ಅವರು ಅದನ್ನು ಮಾಡುವಂತಾಗಲು ತಮ್ಮ ಇಲಾಖೆ ಏನು ಮಾಡಬೇಕು ಎಂಬುದೇ ಈ ಪತ್ರದ ವಿಷಯ.

ಇಂದು ಪ್ರೌಢಶಾಲೆಯ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳು 2018ರ ಆಗಸ್ಟ್ ತಿಂಗಳ ಮಹಾಪ್ರವಾಹವನ್ನು ಎಳೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡವರು. ಆ ತಿಂಗಳ ಮೊದಲ ಹತ್ತೊಂಬತ್ತು ದಿನಗಳಲ್ಲಿ ವಾಡಿಕೆಯಂತೆ 287.6 ಮಿಲಿಮೀಟರ್ ಸುರಿಯಬೇಕಾಗಿದ್ದ ಮಳೆ 758.6 ಮಿಲಿಮೀಟರ್ ಸುರಿಯಿತು. ಪೆರಿಯಾರ್ ನದಿ ಆಲುವಾ, ಪರವೂರು ಪ್ರದೇಶಗಳ ಮನೆಮಾರುಗಳನ್ನು ಮುಳುಗಿಸಿತು. ಸಂಪೂರ್ಣವಾಗಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆಂದು 2015ರಲ್ಲಿ ಖ್ಯಾತಿವೆತ್ತ ನೆಡುಂಬಾಶ್ಶೇರಿಯ ನಿಲ್ದಾಣವು ಆಗಸ್ಟ್ 15ರಿಂದ 29ರವರೆಗೆ ಮುಚ್ಚಿಯೇ ಇತ್ತು. ಜನರು ಇನ್ನೂ ಪರಿಹಾರ ಶಿಬಿರಗಳಲ್ಲಿ ಇದ್ದಂತೆಯೇ, ಅದೇ ಆಗಸ್ಟ್ 20ರಂದು, ಸ್ವೀಡನ್ನಿನಲ್ಲಿ ಹದಿನೈದು ವರ್ಷದ ಗ್ರೇಟಾ ಥನ್‌ಬರ್ಗ್ ಹವಾಮಾನದ ರಕ್ಷಣೆಗೆ ಒತ್ತಾಯಿಸಿ ಶಾಲೆಗೆ ಹೋಗದೆ ಸಂಸತ್ತಿನ ಎದುರು ಫಲಕ ಹಿಡಿದು ಕುಳಿತಳು. ದೂರದ ಆ ಬಾಲೆಯ ಪ್ರಶ್ನೆಗೂ ನಮ್ಮ ಮಕ್ಕಳ ಅನುಭವಕ್ಕೂ ಮೂಲ ಒಂದೇ. ಆಕೆ ಲೋಕದ ಗಮನವನ್ನು ಸೆಳೆದಳು. ನಮ್ಮ ಮಕ್ಕಳಿಗೆ ಬೇಕಾಗಿರುವುದಾದರೋ ಗಮನಕ್ಕಿಂತ ಹೆಚ್ಚಾಗಿ ಕೆಲಸ.

ಈಗ ನಾವು ಅವರಿಗೆ ಕೊಡುತ್ತಿರುವುದು ಏನು? ವಿಶ್ವ ಪರಿಸರ ದಿನವಾದ ಜೂನ್ 5ರಂದು ಒಂದು ಸಸಿ, ಒಂದು ಪ್ರತಿಜ್ಞೆ, ಒಂದು ಭಿತ್ತಿಚಿತ್ರ ಸ್ಪರ್ಧೆ. ಇವುಗಳನ್ನು ನಾನು ಹಳಿಯುವುದಿಲ್ಲ. ಆದರೆ ಜೂನ್ 6ರಿಂದ ಮುಂದಿನ ವರ್ಷದ ಜೂನ್ 4ರವರೆಗೆ ಆ ಮಗುವಿಗೆ ಉತ್ತರದಾಯಿತ್ವವುಳ್ಳ ಯಾವ ಕಾರ್ಯವನ್ನೂ ವಹಿಸದೆ ಇರುವುದು ಆ ವಯಸ್ಸಿನ ಸಾಮರ್ಥ್ಯಕ್ಕೆ ನಾವು ಮಾಡುವ ಅಗೌರವ. 2024ರ ಫೆಬ್ರುವರಿಯಲ್ಲಿ ಬಿಸಿಲಿನ ಝಳವನ್ನು ಕಂಡು ತಮ್ಮ ಇಲಾಖೆಯೇ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದು ‘ವಾಟರ್ ಬೆಲ್’ ಬಾರಿಸುವ ಏರ್ಪಾಡನ್ನು ತಂದಿತು. ಹೀಗೆ ಶಾಲೆಯ ಗಂಟೆಯನ್ನೇ ಬದಲಿಸಿರುವ ವಿಷಯವನ್ನು ವರ್ಷಕ್ಕೊಂದು ದಿನದ ಆಚರಣೆಗೆ ಸೀಮಿತಗೊಳಿಸುವುದು ಯುಕ್ತವಲ್ಲ.

ಕೆಲಸವನ್ನು ಕೊಟ್ಟರೆ ಮಕ್ಕಳು ಮಾಡಿಯಾರೇ ಎಂಬ ಶಂಕೆಗೆ ನೆರೆಯ ಕೋಟ್ಟಯಂ ಜಿಲ್ಲೆಯೇ ಉತ್ತರ ಕೊಟ್ಟಿದೆ. ವಾಗಮಣ್ ಬೆಟ್ಟಗಳಲ್ಲಿ ಹುಟ್ಟಿ, ಪಾಲಾ ಪಟ್ಟಣವನ್ನು ಹಾದು ವೇಂಬನಾಡು ಸರೋವರವನ್ನು ಸೇರುವ ಮೀನಚ್ಚಿಲ್ ನದಿಯ ಪಾತ್ರದಲ್ಲಿ, ನದಿ ಸಂರಕ್ಷಣೆಗಾಗಿ ದುಡಿಯುವ ಜನರು ಒಂದು ಮಳೆ ಮತ್ತು ನದಿ ಅವಲೋಕನ ಜಾಲವನ್ನು ಕಟ್ಟಿದ್ದಾರೆ. ಮೇಲಣ ಬೆಟ್ಟದ ಊರುಗಳಲ್ಲಿ ಶಾಲಾ ವಿದ್ಯಾರ್ಥಿಗಳೂ ಗೃಹಸ್ಥರೂ ಮಳೆಮಾಪಕವನ್ನು ನೋಡಿ, ಸೇತುವೆಯ ಬಳಿಯ ಅಳತೆಪಟ್ಟಿಯಲ್ಲಿ ನೀರಿನ ಮಟ್ಟವನ್ನು ಗುರುತಿಸಿ, ಆ ಅಂಕಿಗಳನ್ನು ವಾಟ್ಸಾಪ್ ಮೂಲಕ ಕೆಳಗಿನ ಊರುಗಳಿಗೆ ತಿಳಿಸುತ್ತಾರೆ. ಬೆಟ್ಟದಲ್ಲಿ ಸುರಿದ ನೀರು ಪೇಟೆಯನ್ನು ತಲುಪುವ ಮೊದಲೇ ಅದರ ವಾರ್ತೆ ತಲುಪುತ್ತದೆ. ಅಂಗಡಿಯವನು ಸರಕನ್ನು ಮೇಲಿನ ಅಟ್ಟಕ್ಕೆ ಏರಿಸುವುದಕ್ಕೂ, ವೃದ್ಧರಿರುವ ಮನೆಯವರು ಹೊರಡುವುದಕ್ಕೂ ಆ ಸ್ವಲ್ಪ ಕಾಲವೇ ಸಾಕಾಗುತ್ತದೆ.

ಈ ಅಳತೆಯ ಕೆಲಸಕ್ಕೆ ಭಾರಿ ಸಲಕರಣೆಯೇನೂ ಬೇಡ. ಸಮತಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮರದ ನೆರಳೂ ಚಾವಣಿಯ ಹನಿಯೂ ಬೀಳದ ಬಯಲಿನಲ್ಲಿ ಇಟ್ಟ, ಗುರುತುಗಳುಳ್ಳ ಒಂದು ಕೊಳವೆ, ಪ್ರತಿದಿನ ಬೆಳಗ್ಗೆ ಎಂಟೂವರೆಗೆ, ಎಂದರೆ ಭಾರತದ ಹವಾಮಾನ ಇಲಾಖೆಯೇ ದಿನದ ಮಳೆಯನ್ನು ಅಳೆಯುವ ಹೊತ್ತಿಗೆ, ಅದರ ಮುಂದೆ ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ಸಮನಾಗಿ ತಂದು ಓದುವ ಒಂದು ಹುಡುಗಿ, ಮತ್ತು ಒಂದು ಗೆರೆ ಹಾಕಿದ ಪುಸ್ತಕ, ಇಷ್ಟೇ. ಮಳೆ ಬಾರದ ದಿನವೂ ಸೊನ್ನೆಯನ್ನು ಬರೆಯಲೇಬೇಕೆಂಬ ಶಿಸ್ತು, ತಾನು ಊಹಿಸಿದ್ದನ್ನಲ್ಲ, ಕಂಡದ್ದನ್ನೇ ಬರೆಯಬೇಕೆಂಬ ಸತ್ಯನಿಷ್ಠೆ, ಇವು ವಿಜ್ಞಾನದ ಪಾಠವೂ ಹೌದು, ಚಾರಿತ್ರ್ಯದ ಪಾಠವೂ ಹೌದು. ರಾಜ್ಯದ ಹಲವು ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಹವಾಮಾನ ವೀಕ್ಷಣಾಕೇಂದ್ರಗಳನ್ನು ತಮ್ಮ ಇಲಾಖೆಯೇ ಸ್ಥಾಪಿಸಿರುವುದು ಶ್ಲಾಘ್ಯವಾದುದು. ಆ ಶಾಲೆಗಳ ಅಂಕಿಗಳು ಪ್ರತಿ ಪಂಚಾಯಿತಿಯ ಮೇಜನ್ನು ತಲುಪಬೇಕು ಎಂಬುದು ನನ್ನ ಆಶಯ.

ಎರ್ನಾಕುಲಂ ಜಿಲ್ಲೆಗಂತೂ ಮಳೆಯೊಂದೇ ಅಲ್ಲ, ಕಡಲೂ ಲೆಕ್ಕಕ್ಕೆ ಬರಬೇಕು. ವೃಶ್ಚಿಕ ಮಾಸದ ಉಬ್ಬರಗಳು ಬಂದಾಗ ವೈಪಿನ್, ಏಳಿಕ್ಕರ, ಕುಂಬಳಂಗಿ, ಚೆಲ್ಲಾನಂ ಮೊದಲಾದ ಕಡಲಂಚಿನ, ಹಿನ್ನೀರಿನಂಚಿನ ಊರುಗಳಲ್ಲಿ ಉಪ್ಪುನೀರು ಅಂಗಳವನ್ನು ದಾಟಿ ಒಳಮನೆಗೆ ಬರುತ್ತದೆ; ಮಳೆಯ ಹನಿಯೊಂದೂ ಬೀಳದೆ ಬರುವ ಈ ನೆರೆಯು ಗೋಡೆಯ ಗಾರೆಯನ್ನು ತಿನ್ನುತ್ತದೆ, ಹಿತ್ತಿಲಿನ ಗಿಡಗಳನ್ನು ಕೆಡಿಸುತ್ತದೆ. ಆ ಮನೆಗಳ ಮಕ್ಕಳು ಗೋಡೆಯ ಮೇಲೆ ನೀರು ಏರಿದ ಎತ್ತರವನ್ನೂ ದಿನಾಂಕವನ್ನೂ ಹೊತ್ತನ್ನೂ ವರ್ಷಾನುವರ್ಷ ಗುರುತಿಸಿಡುವುದಾದರೆ, ಸಮುದ್ರಮಟ್ಟದ ಏರಿಕೆಯೆಂಬ ಜಾಗತಿಕ ಸತ್ಯಕ್ಕೆ ಆ ಊರಿನದೇ ಆದ ದಾಖಲೆಯೊಂದು ಸಿದ್ಧವಾಗುತ್ತದೆ. ರಸ್ತೆಯನ್ನು ಎಷ್ಟು ಎತ್ತರಿಸಬೇಕು, ತೂಬನ್ನು ಎಲ್ಲಿ ಇಡಬೇಕು ಎಂಬ ನಿರ್ಣಯಗಳು ಆಗ ಊಹೆಯನ್ನು ಅವಲಂಬಿಸಬೇಕಾಗಿಲ್ಲ.

ಇನ್ನು ಮನೆಯ ಒಳಗಣ ಮಾತು. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲನ್ನು ಮನೆಯ ಹದಿಹರೆಯದ ಮಗು ಓದಲಿ. 60 ವಾಟಿನ ಹಳೆಯ ಬಲ್ಬಿನ ಬದಲಾಗಿ 9 ವಾಟಿನ ಎಲ್‌ಇಡಿ ದೀಪವನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆಂಬುದನ್ನು ಅದು ತಾನೇ ಗುಣಿಸಿ ತಿಳಿಯಲಿ. ಕೇರಳವು ತನಗೆ ಬೇಕಾದ ವಿದ್ಯುತ್ತಿನ ಬಹುಭಾಗವನ್ನು ಹೊರಗಿನಿಂದ ಕೊಳ್ಳುತ್ತದೆ. ಅದರಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. 2024ರ ಮೇ ತಿಂಗಳ ಸೆಕೆಯಲ್ಲಿ ರಾಜ್ಯದ ಬೇಡಿಕೆ 5,700 ಮೆಗಾವಾಟನ್ನೂ ಮೀರಿದಾಗ ಒತ್ತಡ ಬಿದ್ದುದು ಇರುಳಿನ ಹೊತ್ತಿನಲ್ಲಿ. ಆದುದರಿಂದ ಸಂಜೆ ಆರರಿಂದ ಹತ್ತರವರೆಗೆ ಇಸ್ತ್ರಿಪೆಟ್ಟಿಗೆಯನ್ನೂ ಪಂಪನ್ನೂ ಮುಟ್ಟಬಾರದೆಂಬ ನಿಯಮವನ್ನು ಮನೆಯಲ್ಲಿ ತರುವ ಮಗು ಕಾರಣವನ್ನು ಬಲ್ಲ ಮಗುವಾಗಿರುತ್ತದೆ. ನಾನು ಹುಟ್ಟಿದ ಕಾಸರಗೋಡು ಜಿಲ್ಲೆಯ ಪಿಲಿಕೋಡು ಪಂಚಾಯಿತಿಯು ಹಳೆಯ ಬಲ್ಬುಗಳನ್ನು ಸಂಪೂರ್ಣವಾಗಿ ತೊರೆದು ದೇಶಕ್ಕೆ ಮಾದರಿಯಾದುದು ಮನೆ ಮನೆಯ ಲೆಕ್ಕ ಸೇರಿಯೇ ಅಲ್ಲವೆ?

ಕಸದ ಸಂಗತಿಯನ್ನು ಎರ್ನಾಕುಲಂನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಮಾರ್ಚ್ 2ರಂದು ಬ್ರಹ್ಮಪುರಂನ ಕಸದ ಗುಡ್ಡಕ್ಕೆ ಹತ್ತಿಕೊಂಡ ಬೆಂಕಿ ಆರುವವರೆಗೆ ಹತ್ತಕ್ಕೂ ಹೆಚ್ಚು ದಿನ ಕೊಚ್ಚಿ ನಗರವು ವಿಷಧೂಮದಲ್ಲಿ ಉಸಿರಾಡಿತು. ಮಕ್ಕಳ ಶಾಲೆಗಳಿಗೆ ರಜೆ ಕೊಡಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಮಹಾನಗರಪಾಲಿಕೆಗೆ 100 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಅಡುಗೆಮನೆಯ ಹಸಿಕಸವು ಪ್ಲಾಸ್ಟಿಕ್ಕಿನೊಡನೆ ಬೆರೆತು ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿಯಾಗಿ ಕತ್ತರಿಸದೆ ತುಂಡು ಅಂಟಿಕೊಂಡಿರುವಂತೆ ಬಿಟ್ಟು, ಕವರನ್ನು ತೊಳೆದು, ಹಗ್ಗದ ಮೇಲೆ ಒಣಗಿಸಿ, ಮನೆ ಮನೆಯಿಂದ ಒಣಕಸ ಸಂಗ್ರಹಿಸುವ ಹರಿತ ಕರ್ಮಸೇನೆಯ ಅಕ್ಕಂದಿರು ಬಂದಾಗ ಕೈಗೆ ಕೊಡುವ ಕೆಲಸ ಹದಿಮೂರರ ಬಾಲಕನಿಂದ ಆಗುವಂಥದು. ಮನೆಯಲ್ಲಿ ತಾಯಿ ಮಾತ್ರ ಅದನ್ನು ಮಾಡುತ್ತಿರುವುದಾದರೆ ಹುಡುಗರಿಗೆ ಆ ಪಾಲನ್ನು ವಹಿಸುವುದು ಪರಿಸರದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಉಚಿತವಾದುದು.

ತಮ್ಮ ಸಹೋದ್ಯೋಗಿಗಳಾದ ಸಾರಿಗೆ ಸಚಿವರ ಕಿವಿಗೂ ಹಾಕಬೇಕಾದ ಮಾತೊಂದುಂಟು. ಹಲವು ವರ್ಷಗಳಿಂದ ಕಡಿಮೆ ಕನ್ಸೆಷನ್ ದರದಲ್ಲಿ ಬಸ್ಸಿನಲ್ಲಿ ಓಡಾಡುತ್ತಿರುವ ವಿದ್ಯಾರ್ಥಿಗಳೇ ಈ ರಾಜ್ಯದಲ್ಲಿ ಹೊಗೆಯನ್ನು ಕಡಿಮೆ ಮಾಡುತ್ತಿರುವ ಅತ್ಯಂತ ದೊಡ್ಡ ಸಮೂಹಗಳಲ್ಲಿ ಒಂದು. ಆದರೆ ಖಾಸಗಿ ಬಸ್ಸುಗಳು ಹೊರಡುವವರೆಗೆ ಅವರು ಬಾಗಿಲಿನ ಕೆಳಗೆ ಬಿಸಿಲಿನಲ್ಲಿ ಕಾಯುತ್ತ ನಿಲ್ಲುವುದನ್ನು, ಖಾಲಿ ಸೀಟಿನಿಂದಲೂ ಎಬ್ಬಿಸಲ್ಪಡುವುದನ್ನು ಎಷ್ಟೋ ನಿಲ್ದಾಣಗಳಲ್ಲಿ ನಾವು ನೋಡುತ್ತೇವೆ. ಹೀಗೆ ಅವಮಾನಿತನಾದ ಹುಡುಗ ಹದಿನೆಂಟು ತುಂಬಿದ ದಿನವೇ ಸ್ಕೂಟರನ್ನು ಬಯಸಿದರೆ ಅದರಲ್ಲಿ ಆಶ್ಚರ್ಯವೇನು? ಬ್ಯಾಟರಿ ದೋಣಿಗಳ ಜಲಮೆಟ್ರೋವನ್ನು 2023ರಲ್ಲಿ ಆರಂಭಿಸಿ ದೇಶಕ್ಕೇ ದಾರಿ ತೋರಿದ ಕೊಚ್ಚಿಯಲ್ಲಿ, ಬಸ್ಸಿನ ಮೆಟ್ಟಿಲಿನಲ್ಲಿಯೂ ವಿದ್ಯಾರ್ಥಿಗೆ ಮರ್ಯಾದೆ ದೊರೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳುವುದು ನನ್ನ ಕರ್ತವ್ಯ. ಭೂಮಿ ಬಿಸಿಯಾಗುತ್ತಿರುವುದು ಈ ಮಕ್ಕಳ ದೆಸೆಯಿಂದಲ್ಲ. ಕಾರ್ಖಾನೆ, ವಿದ್ಯುತ್ ಸ್ಥಾವರ, ಗದ್ದೆ ತುಂಬಿಸಿ ಎಬ್ಬಿಸಿದ ಕಟ್ಟಡ, ಇವುಗಳ ಕುರಿತು ತೀರ್ಮಾನಿಸುವ ಅಧಿಕಾರ ದೊಡ್ಡವರದು. ಮಕ್ಕಳು ಕವರು ತೊಳೆಯುತ್ತಾರೆಂಬುದು ನಮಗೆ ನೆಪವಾಗಕೂಡದು. ಮಕ್ಕಳ ಅಳತೆಯ ಪುಸ್ತಕಕ್ಕೆ ನಾನು ಇಷ್ಟು ಪ್ರಾಮುಖ್ಯ ಕೊಡುವುದು ಈ ಕಾರಣದಿಂದಲೇ: ಅಳೆಯಬಲ್ಲ ಮಗು ಪ್ರಶ್ನಿಸಬಲ್ಲದು, ಮತ್ತು ಅಂಕಿಯ ಆಧಾರವುಳ್ಳ ಪ್ರಶ್ನೆಯನ್ನು ಯಾವ ಕಚೇರಿಯೂ ಸುಲಭವಾಗಿ ತಳ್ಳಿಹಾಕಲಾರದು. ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಸ್ಯವಿಜ್ಞಾನಿ ಪ್ರೊಫೆಸರ್ ಎಂ. ಕೆ. ಪ್ರಸಾದ್ ಅವರು ಸೈಲೆಂಟ್ ವ್ಯಾಲಿಯ ಅರಣ್ಯದ ಉಳಿವಿಗಾಗಿ ವಾದಿಸಿದುದೂ ಸಸ್ಯಶಾಸ್ತ್ರದ ತಿಳಿವಳಿಕೆಯ ಬಲದಿಂದ.

ಆದುದರಿಂದ ನನ್ನ ಅರಿಕೆಗಳು ಮೂರು. ಮೊದಲನೆಯದು, ಎಂಟನೆಯ ತರಗತಿಯಿಂದ ಮೇಲಣ ಪ್ರತಿಯೊಂದು ಶಾಲೆಯಲ್ಲಿಯೂ ಮಳೆ, ಉಷ್ಣತೆ, ಬಾವಿಯ ನೀರಿನ ಮಟ್ಟ, ಕಡಲತೀರವಾದರೆ ಉಬ್ಬರದ ಎತ್ತರ, ಇವುಗಳ ದಿನಚರಿಯನ್ನು ವಿದ್ಯಾರ್ಥಿಗಳೇ ಸರದಿಯ ಮೇಲೆ ಬರೆಯಲಿ; ಅದು ಪರೀಕ್ಷೆಯ ಹೊರೆಯ ಮೇಲೆ ಮತ್ತೊಂದು ಹೊರೆಯಾಗದಂತೆ, ನಿರಂತರ ಮೌಲ್ಯಮಾಪನಕ್ಕಾಗಿ ಈಗ ಒಬ್ಬರನ್ನು ನೋಡಿ ಒಬ್ಬರು ಬರೆಯುವ ನಿಯೋಜಿತ ಕಾರ್ಯವೊಂದರ ಸ್ಥಾನದಲ್ಲಿ ಪರಿಗಣಿತವಾಗಲಿ. ಎರಡನೆಯದು, ಆ ಪುಸ್ತಕವನ್ನು ವರ್ಷಕ್ಕೆ ಎರಡು ಬಾರಿ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ಓದಿ ಹೇಳಲಿ, ಪಂಚಾಯಿತಿಯು ಲಿಖಿತವಾಗಿ ಉತ್ತರ ಕೊಡಲಿ. ಮೂರನೆಯದು, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಈ ಪುಸ್ತಕವೂ ಸೂಚನೆಗಳೂ ಮುನ್ನೆಚ್ಚರಿಕೆಯ ಸಂದೇಶಗಳೂ ಕನ್ನಡದಲ್ಲಿಯೇ ದೊರೆಯಲಿ. ಮುರಕಲ್ಲಿನ ಗುಡ್ಡದೊಳಗೆ ಸುರಂಗ ತೋಡಿ ನೀರನ್ನು ಹೊರಗೆ ತಂದ, ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟಗಳನ್ನು ಕಟ್ಟಿ ತೋಟಗಳನ್ನು ಉಳಿಸಿಕೊಂಡ ಹಿರಿಯರ ಮೊಮ್ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಕಟ್ಟ ಕಟ್ಟುವ ಮೊದಲೂ ಆಮೇಲೂ ಬಾವಿಯ ಮಟ್ಟ ಎಷ್ಟೆಂದು ಅವರು ಅಳೆದರೆ ಆ ಹಳೆಯ ವಿದ್ಯೆಗೆ ಹೊಸ ಪ್ರಮಾಣ ದೊರೆತೀತು.

ಮುಂಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ದಿನದಿಂದಲೇ, ಪೆರಿಯಾರ್ ತೀರದ ಹಾಗೂ ಕಾಸರಗೋಡಿನ ಕೆಲವು ಶಾಲೆಗಳಲ್ಲಿಯಾದರೂ, ತಾವು ಇದನ್ನು ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ. ಮಕ್ಕಳು ಅಳೆದು ಬರೆಯಲು ಸಿದ್ಧರಾಗಿದ್ದಾರೆ. ಬರೆದುದನ್ನು ಓದಿ ಅದರಂತೆ ನಡೆಯುವ ಹೊಣೆಯನ್ನು ಸರ್ಕಾರವು ವಹಿಸಿಕೊಳ್ಳಲಿ.

ಇತಿ ತಮ್ಮ ವಿಶ್ವಾಸಿ,
ಎರ್ನಾಕುಲಂನ ಒಬ್ಬ ಕನ್ನಡಿಗ