ಭಾನಾಮತಿ: ನರಳುವವಳಿಗೆ ಚಿಕಿತ್ಸೆ ಎಲ್ಲಿ?



ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಭಾನಾಮತಿ ಎಂಬ ಮಾಟದ ಮಾತೆದ್ದಾಗಲೆಲ್ಲ ಯಾರೋ ಮಾಡಿಸಿದ್ದಾರೆ ಎನ್ನುವವರು ಒಂದು ಕಡೆ, ಎಲ್ಲವೂ ಹೆಂಗಸರ ನಾಟಕ ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಮೊದಲಿನ ಮಾತು ಎಂಥ ಕ್ರೌರ್ಯಕ್ಕೆ ದಾರಿಯಾಯಿತೆಂಬುದು ಈ ಭಾಗದವರಿಗೆ ಗೊತ್ತು. ಮಂತ್ರ ಬಾಯಿಂದ ಹೊರಡಬಾರದೆಂದು ಅನುಮಾನ ಬಂದವರ ಹಲ್ಲು ಕಿತ್ತಿದ್ದಾರೆ. ಆದರೆ ನಾಟಕ ಎನ್ನುವ ವಿಚಾರವಂತರೂ ತಪ್ಪು ಮಾಡುತ್ತಿದ್ದಾರೆ. ನಾಯಿಯಂತೆ ಬೊಗಳುವ, ಕೈಕಾಲು ಸೆಟೆದು ಬೀಳುವ ಹೆಣ್ಣುಮಗಳು ಬೇಕೆಂದು ಹಾಗೆ ಮಾಡುವುದಿಲ್ಲ. ಬಾಯಿಬಿಟ್ಟು ಹೇಳಲಾಗದ ಸಂಕಟ ಬಹುಕಾಲ ಒಳಗೇ ಉಳಿದರೆ ನರಗಳಿಗೆ ಏನೂ ಆಗದಿದ್ದರೂ ಮೈ ಹಿಡಿತ ತಪ್ಪುತ್ತದೆ ಎಂಬುದು ಮನೋವೈದ್ಯರ ಅನುಭವ. ಒಬ್ಬಳಿಗೆ ಬಂದದ್ದನ್ನು ಕಂಡು, ನಮಗೂ ಬಂದೀತೆಂದು ಹೆದರಿದ ಓಣಿಯ ಇತರರಿಗೂ ಬರುತ್ತದೆ. 1962ರಲ್ಲಿ ಆಫ್ರಿಕಾದ ತಾಂಗನ್ಯಿಕಾದ ಕಶಾಶಾ ಎಂಬಲ್ಲಿ ಶಾಲಾ ಹುಡುಗಿಯರಿಗೆ ತಡೆಯಲಾಗದ ನಗು ಹತ್ತಿ, ಕೊನೆಗೆ ಶಾಲೆಯನ್ನೇ ಮುಚ್ಚಬೇಕಾಯಿತು. ಅಲ್ಲಿ ಯಾರೂ ಭಾನಾಮತಿ ಮಾಡಿಸಿರಲಿಲ್ಲ.

ಹಾಗಾದರೆ ದತ್ತಾತ್ರೇಯನ ಕ್ಷೇತ್ರ ಗಾಣಗಾಪುರಕ್ಕೆ ಹೋದವರಿಗೆ ಹೇಗೆ ವಾಸಿಯಾಗುತ್ತದೆ ಎಂದು ಕೇಳುವವರಿದ್ದಾರೆ. ದತ್ತನ ಮಂಗಳಾರತಿಯ ಹೊತ್ತಿಗೆ ಕಂಬ ಹಿಡಿದು ಚೀರುವವರನ್ನು ಅಲ್ಲಿ ಯಾರೂ ಗದರುವುದಿಲ್ಲ. ಮನೆಯಲ್ಲಿ ಅಡಗಿಸಿಟ್ಟದ್ದು ಹೊರಬರುತ್ತದೆ, ಗುಣವಾಗುತ್ತದೆಂಬ ನಂಬಿಕೆಯೂ ಕೂಡಿ ಜೀವ ಹಗುರಾಗುತ್ತದೆ. ಊರಿಗೆ ಮರಳಿದಾಗ ಕುಡುಕ ಗಂಡ, ತೊಗರಿಯ ಸಾಲ, ಗುಳೆಯ ಚಿಂತೆ ಇದ್ದಲ್ಲೇ ಇದ್ದರೆ ಮತ್ತೆ ಶುರು. ಇನ್ನೊಂದು ಆಕ್ಷೇಪ ನ್ಯಾಯವಾದದ್ದೇ: ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿದರೆ ಮೂರ್ಛೆರೋಗವೋ ಕೀಟನಾಶಕದ ವಿಷವೋ ಕಣ್ತಪ್ಪೀತು. ಅದಕ್ಕೇ ಮೊದಲು ದೇಹದ ತಪಾಸಣೆ, ನೀರಿನ ಪರೀಕ್ಷೆ ಆಗಲೇಬೇಕು. ಅದೆಲ್ಲ ಸರಿಯಿದ್ದರೆ "ನಿನಗೇನೂ ಆಗಿಲ್ಲ, ಎದ್ದು ಹೋಗು" ಎಂದು ಕಳಿಸುವುದು ಮಾತ್ರ ಅವಳನ್ನು ನೇರ ಮಂತ್ರವಾದಿಯ ಕೈಗೆ ಕೊಟ್ಟಂತೆ.

ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಯಾಗಿದೆ. ಏಳು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಅದು ಬೇಕೇ ಬೇಕು. ಆದರೆ ಹೊಡೆಯುವವರನ್ನು ತಡೆಯುವ ಕಾನೂನಿಗೆ ನರಳುವವಳನ್ನು ಮಾತನಾಡಿಸಲು ಬರುವುದಿಲ್ಲ. ಭಾನಾಮತಿಯ ಸುದ್ದಿ ಬಂದ ಊರಿಗೆ ಪೊಲೀಸರ ಜೊತೆಗೇ ಮನೋವೈದ್ಯರು ಹೋಗಲಿ. ಗಂಡ, ಅತ್ತೆ ಎದುರಿಗಿಲ್ಲದ ಕಡೆ ಆಶಾ ಕಾರ್ಯಕರ್ತೆಯ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಲಿ. 2022ರಿಂದ ನಡೆಯುತ್ತಿರುವ ಉಚಿತ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಮೂರೂ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಆ ಸಂಖ್ಯೆಯನ್ನು ಆರೋಗ್ಯ ಇಲಾಖೆ ದೊಡ್ಡದಾಗಿ ಬರೆಸಲಿ. ಇದು ಕಂಡು ಹರಡುವ ಸಂಕಟವಾದ್ದರಿಂದ ಟಿವಿಯವರು ಬೊಗಳುವ ಹೆಂಗಸರ ದೃಶ್ಯಗಳನ್ನು ತೋರಿಸುವುದನ್ನು ಇಂದೇ ನಿಲ್ಲಿಸಲಿ.

– ಓದುಗ, ಕಲಬುರಗಿ ಜಿಲ್ಲೆ